ಗಸ್ ನಿಂತ ಜಾಗ

"ಆರ್ವಿಡ್! ಇದೀರಾ ಒಳಗೆ?"

ಅಪ್ಪ ಇನ್ನೊಮ್ಮೆ ತಟ್ಟಿದ. ತಟ್ಟಿದ್ದೇ ತಡ, ಬಾಗಿಲು ಕಿರ್ರೆಂದು ತಾನಾಗಿಯೇ ತೆರೆದುಕೊಂಡಿತು.

ಮಾರಿಟ್ ಅಪ್ಪನ ಮೊಣಕೈ ಕೆಳಗಿನಿಂದ ಇಣುಕಿದಳು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಮೇಜಿನ ಮೇಲೆ ಅರ್ಧ ಕುಡಿದ ಕಾಫಿ ಇತ್ತು, ಪಕ್ಕದಲ್ಲೇ ಒಂದು ಕಡೆ ಕಚ್ಚಿಟ್ಟ ಬ್ರೆಡ್ಡು. ರೇಡಿಯೋ ಮಾತ್ರ ತನ್ನಷ್ಟಕ್ಕೆ ತಾನು ಮಾತಾಡುತ್ತಿತ್ತು. ಗೋಧಿ ಬೆಲೆ, ಹಂದಿ ಬೆಲೆ, ಮತ್ತೆ ಗೋಧಿ ಬೆಲೆ.

"ಕೊಟ್ಟಿಗೆ ಕಡೆ ಹೋಗಿರ್ಬೇಕು. ನಿನ್ನೆ ಫೋನಲ್ಲೇ ಹೇಳಿದ್ರಲ್ಲ, ನಾನು ಸಿಗ್ಲಿ ಬಿಡ್ಲಿ, ನೀವು ಹೋಗಿ ಬೇಟೆ ಆಡಿ ಅಂತ," ಎಂದು ಅಪ್ಪ ಬಾಗಿಲು ಎಳೆದುಕೊಂಡ.

"ಗಾಡಿ ಇಲ್ಲೇ ಇದೆ," ಎಂದಳು ಸಿಗ್ನೆ ಅತ್ತೆ. ಅಂಗಳದಲ್ಲಿ ಹೊಲದ ಯಜಮಾನ ಆರ್ವಿಡ್ ತಾತನ ಕೆಂಪು ಪಿಕಪ್ ನಿಂತಿತ್ತು. "ಕೊಟ್ಟಿಗೆಗೂ ಒಂದು ಸಲ ಕೂಗು ಹಾಕು, ನೆಲ್ಸ್."

ಅಪ್ಪ ಕೂಗಿದ. ಉತ್ತರ ಬರಲಿಲ್ಲ. ಮೂವರೂ ತಮ್ಮ ಗಾಡಿ ಹತ್ತಿದರು. ಮಾರಿಟ್‌ಗೆ ಮಾತ್ರ ಆ ಕಚ್ಚಿಟ್ಟ ಬ್ರೆಡ್ಡು ಕಣ್ಣ ಮುಂದೆಯೇ ಇತ್ತು. ತಿನ್ನುತ್ತಾ ತಿನ್ನುತ್ತಾ ಯಾರಾದರೂ ಎದ್ದು ಹೋಗಿಬಿಡುತ್ತಾರಾ?

ಮಿನೆಸೋಟಾದಿಂದ ಅವರು ಹಿಂದಿನ ದಿನವಿಡೀ ಗಾಡಿ ಓಡಿಸಿಕೊಂಡು ಬಂದಿದ್ದರು. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಅಪ್ಪ ಮತ್ತು ಅತ್ತೆ ನಾಯಿಗಳನ್ನು ಕರೆದುಕೊಂಡು ನಾರ್ತ್ ಡಕೋಟಾಕ್ಕೆ ಗೌಜಲಹಕ್ಕಿ ಬೇಟೆಗೆ ಬರುತ್ತಿದ್ದರು. ಮಾರಿಟ್ ಬಂದದ್ದು ಇದೇ ಮೊದಲು. ಟೀಚರ್ ಹತ್ತಿರ ರಜೆ ಕೇಳುವಾಗ ಕ್ಲಾಸಿನವರೆಲ್ಲ ಹೊಟ್ಟೆ ಉರಿದುಕೊಂಡಿದ್ದರು.

ಆದರೆ ಮೊದಲ ಗಂಟೆಯಲ್ಲೇ ಎಡವಟ್ಟಾಯಿತು. ಜೊಂಡಿನ ನಡುವೆ ಕೆಸರು ಎಂದು ಗೊತ್ತಾಗದೆ ಕಾಲಿಟ್ಟಳು. ಎರಡೂ ಬೂಟಿನ ತುಂಬ ತಣ್ಣೀರು.

"ಸರಿ ಹೋಯ್ತು," ಎಂದ ಅಪ್ಪ. "ಹೋಗಿ ಗಾಡೀಲಿ ಕೂತ್ಕೊ. ಕಾಲುಚೀಲ ಬದಲಾಯ್ಸು, ಹೀಟರ್ ಹಾಕ್ಕೊ. ನಾವು ಆ ದಿಣ್ಣೆ ಸುತ್ತಿ ಬರ್ತೀವಿ. ಮತ್ತೆ ನೋಡು, ಗಾಡಿಯಿಂದ ಇಳೀಬೇಡ. ಆಯ್ತಾ?"

"ಆಯ್ತು."

"ಗಸ್ ನಿನ್ ಜೊತೆ ಇರ್ತಾನೆ. ಅವನಿಗೂ ಸುಸ್ತಾಗಿದೆ."

ಮರಿನಾಯಿ ಡಾಟ್ ಕುಣಿಯುತ್ತಾ ಅಪ್ಪ ಮತ್ತು ಅತ್ತೆಯ ಮುಂದೆ ಓಡಿತು. ಗಸ್ ಗಾಡಿಯ ಸೀಟಿನ ಮೇಲೆ ಉಸ್ಸೆಂದು ಮಲಗಿದ. ಗಸ್ ಬಿಳಿ ಕೂದಲಿನ ಮುದಿ ನಾಯಿ. ಕಿವಿ ಒಂಚೂರೂ ಕೇಳಿಸುತ್ತಿರಲಿಲ್ಲ. ಮೂಗು ಮಾತ್ರ ಮೊದಲಿನ ಹಾಗೇ ಇತ್ತು. ಹಕ್ಕಿಯ ವಾಸನೆ ಸಿಕ್ಕಿತೋ, ಅವನು ಬೊಗಳುವುದಿಲ್ಲ, ಹಾರುವುದಿಲ್ಲ. ಒಂದು ಮುಂಗಾಲು ಎತ್ತಿ, ಬಾಲ ನೆಟ್ಟಗೆ ಮಾಡಿ, ಕಲ್ಲಾಗಿ ನಿಂತುಬಿಡುತ್ತಾನೆ. ಅದಕ್ಕೇ ಅವನ ಕೊರಳಿಗೆ ಒಂದು ಗಂಟೆ ಕಟ್ಟಿದ್ದರು. ಎತ್ತರದ ಹುಲ್ಲಿನಲ್ಲಿ ಗಂಟೆ ಕೇಳಿಸುವಷ್ಟು ಹೊತ್ತು ಗಸ್ ಹುಡುಕುತ್ತಿದ್ದಾನೆ ಎಂದರ್ಥ. ಗಂಟೆ ನಿಂತರೆ, ಹಕ್ಕಿ ಸಿಕ್ಕಿದೆ.

ಸ್ವಲ್ಪ ಹೊತ್ತಿಗೆ ಗಸ್ ಎದ್ದು ಬಾಗಿಲು ಕೆರೆಯತೊಡಗಿದ.

"ಉಚ್ಚೆ ಬಂತಾ? ಆಮೇಲೆ ಕಣೋ."

ಗಸ್ ಕುಂಯ್‌ಗುಟ್ಟಿದ. ಸೀಟಿನ ಮೇಲೆ ಮಾಡಿಬಿಟ್ಟರೆ ಅತ್ತೆ ಸುಮ್ಮನಿರುವವಳಲ್ಲ. ಮಾರಿಟ್ ಬಾಗಿಲು ತೆಗೆದಳು. "ಬೇಗ ಮುಗಿಸ್ಕೊಂಡು ಬಾ."

ಆಗಲೇ ಅವಳಿಗೆ ಕಂಡದ್ದು, ದಿಣ್ಣೆ ಕಾಣಿಸುತ್ತಿಲ್ಲ. ರಸ್ತೆಯೂ ಇಲ್ಲ. ಎಲ್ಲಿಂದ ಬಂತೋ, ಹಾಲಿನಂಥ ಮಂಜು ಸದ್ದಿಲ್ಲದೆ ಹೊಲದ ಮೇಲೆ ಹರಡಿಕೊಂಡುಬಿಟ್ಟಿತ್ತು. ಗಸ್ ಬೇಲಿ ಕಂಬವನ್ನು ಮೂಸಿದ, ಕಾಲೆತ್ತಿದ, ಆಮೇಲೆ ಮೂಗು ಮೇಲೆ ಮಾಡಿ ಗಾಳಿ ಎಳೆದುಕೊಂಡ. ಹೊರಟೇಬಿಟ್ಟ.

"ಗಸ್!"

ಕರೆದು ಏನು ಪ್ರಯೋಜನ? ಅವನಿಗೆ ಕೇಳಿಸದು. ಟಿಣ್ ಟಿಣ್ ಎಂದು ಗಂಟೆ ಮಂಜಿನೊಳಗೆ ದೂರವಾಯಿತು. ದೂರವಾಗಿ, ಥಟ್ಟನೆ ನಿಂತಿತು.

ಮಾರಿಟ್ ಕಾದಳು. ಗಂಟೆ ಮತ್ತೆ ಕೇಳಿಸಲಿಲ್ಲ.

ಹೀಗೆ ಹಕ್ಕಿಯ ಮುಂದೆ ಕಲ್ಲಾಗಿ ನಿಂತ ನಾಯಿಯನ್ನು ಯಾರಾದರೂ ಹೋಗಿ ಬಿಡಿಸಿಕೊಂಡು ಬರಬೇಕು. ಇಲ್ಲದಿದ್ದರೆ ಗಸ್ ನಿಂತೇ ಇರುತ್ತಾನೆ. ಹೋದ ವರ್ಷ ಅತ್ತೆ ಬರುವವರೆಗೂ ಹಾಗೇ ನಿಂತಿದ್ದನಂತೆ, ಬೆನ್ನಿನ ಮೇಲೆ ಹಿಮ ಬಿದ್ದಿತ್ತಂತೆ. ಮಾರಿಟ್ ಗಾಡಿಯಿಂದ ಇಳಿದಳು. ಬೇಲಿಯ ಕಂಬಗಳು ಗಂಟೆ ಹೋದ ಕಡೆಗೇ ಸಾಲಾಗಿ ಹೋಗಿದ್ದವು. ಒಂದೊಂದೇ ಕಂಬ ಮುಟ್ಟಿಕೊಂಡು ಹೋದರೆ ವಾಪಸ್ ಬರುವಾಗ ದಾರಿ ತಪ್ಪುವುದಿಲ್ಲ ಎಂದುಕೊಂಡಳು.

ಒಂದು ಕಂಬ, ಇನ್ನೊಂದು ಕಂಬ. ಹಿಂದೆ ತಿರುಗಿದರೆ ಗಾಡಿ ಇಲ್ಲ.

ಮಂಜಿನಲ್ಲಿ ಏನೋ ಎತ್ತರಕ್ಕೆ ನಿಂತಿತ್ತು. ಹತ್ತಿರ ಹೋದಾಗ ಅದೊಂದು ಹಾಳುಮನೆ ಎಂದು ತಿಳಿಯಿತು. ಮಾಡು ಒಂದು ಕಡೆ ಕುಸಿದಿತ್ತು. ಕಿಟಕಿಗೆ ಗಾಜಿರಲಿಲ್ಲ, ಪರದೆ ಮಾತ್ರ ಇನ್ನೂ ನೇತಾಡುತ್ತಿತ್ತು. ಗಾಳಿಯೇ ಇಲ್ಲ, ಆದರೂ ಪರದೆ ಅಲುಗಿದಂತಾಯಿತು.

ಅಂಗಳದ ಹುಲ್ಲಿನಲ್ಲಿ ಗಸ್ ನಿಂತಿದ್ದ. ಮುಂಗಾಲು ಮೇಲೆ, ಬಾಲ ನೆಟ್ಟಗೆ. ಕಣ್ಣು ಕೂಡ ಮಿಟುಕಿಸುತ್ತಿರಲಿಲ್ಲ.

ಮಾರಿಟ್ ಅತ್ತೆ ಹೇಳಿಕೊಟ್ಟಂತೆ ಪಕ್ಕದಿಂದ, ಅವನಿಗೆ ಕಾಣುವ ಹಾಗೆ, ಮೆಲ್ಲಗೆ ನಡೆದಳು. ಆಗ ಕೇಳಿಸಿತು.

ಯಾರೋ ಗುನುಗುತ್ತಿದ್ದರು.

ಹಾಡಲ್ಲ, ಮಾತಲ್ಲ. ಬಾಯಿ ಮುಚ್ಚಿಕೊಂಡು ಎಳೆಯುವ ರಾಗ. ಹ್ಮ್ಮ್... ಹ್ಮ್ಮ್... ಮನೆಯೊಳಗಿನಿಂದಲೇ ಇರಬೇಕು ಎಂದುಕೊಂಡು ಮಾರಿಟ್ ಕಿಟಕಿಯತ್ತ ನೋಡಿದಳು. ಇಲ್ಲ, ಅಲ್ಲಿಂದಲ್ಲ. ಸದ್ದು ಕೆಳಗಿನಿಂದ ಬರುತ್ತಿತ್ತು. ನೆಲದಿಂದ.

ಅವಳ ಕಾಲು ಒಂದು ಹೆಜ್ಜೆ ಹಿಂದೆ ಹೋಯಿತು. ಒಣ ಕಡ್ಡಿ ಲಟ್ಟೆಂದಿತು.

ಬುರ್ರ್! ಹುಲ್ಲೇ ಸಿಡಿದು ಹೋದಂತೆ ಗೌಜಲಹಕ್ಕಿಗಳ ಗುಂಪು ಮೇಲೆದ್ದು ಮಂಜಿನಲ್ಲಿ ಮಾಯವಾಯಿತು. ಮಾರಿಟ್ ಕಿಟಾರನೆ ಕಿರುಚಿದಳು.

ಗುನುಗು ನಿಂತಿತು.

ಆಮೇಲೆ ನೆಲದೊಳಗಿನಿಂದ ಒಂದು ಒಡಕು ದನಿ: "ಯಾರದು?"

ಮಾರಿಟ್ ಓಡಿದಳು. ಬೇಲಿಯ ಕಂಬ ಸಿಕ್ಕಿತು. ಅದನ್ನು ತಬ್ಬಿಕೊಂಡು ತಿರುಗಿದಳು. ಗಸ್ ಓಡಿ ಬಂದಿರಲಿಲ್ಲ. ಅವನಿಗೆ ಆ ದನಿ ಕೇಳಿಸಿಯೇ ಇರಲಿಲ್ಲ. ಹಕ್ಕಿ ಕೂತಿದ್ದ ಜಾಗವನ್ನು ಮೂಸುತ್ತಾ, ಗಂಟೆ ಬಾರಿಸುತ್ತಾ, ಅವನು ಮುಂದೆ ಮುಂದೆ ಹೋಗುತ್ತಿದ್ದ. ಹುಲ್ಲಿನ ನಡುವೆ ಹಳೆಯ ಹಲಗೆಗಳನ್ನು ಹಾಸಿದ್ದರು. ಅವುಗಳ ಮಧ್ಯೆ ಒಂದು ಕಪ್ಪು ತೂತು.

"ಮುಂದೆ ಬರ್ಬೇಡಿ!" ದನಿ ಕೂಗಿತು. "ಹಲಗೆ ಕೊಳೆತು ಹೋಗಿದೆ! ಯಾರೇ ಆಗಿರಿ, ಕಾಲಿಡ್ಬೇಡಿ!"

ಗಸ್ ಕಾಲಿಟ್ಟ. ಹಲಗೆ ಕರಕ್ ಎಂದಿತು. ಅವನ ಒಂದು ಮುಂಗಾಲು ಒಳಗೆ ಇಳಿದೇ ಹೋಯಿತು.

ಮಾರಿಟ್ ಕಂಬ ಬಿಟ್ಟಳು. ಹೇಗೆ ಓಡಿ ಬಂದಳೋ ಅವಳಿಗೇ ಗೊತ್ತಿಲ್ಲ. ಹಲಗೆಯ ಹತ್ತಿರ ಬೋರಲಾಗಿ ಮಲಗಿ ತೆವಳಿದಳು. ಕೈ ಚಾಚಿದಾಗ ಸಿಕ್ಕಿದ್ದು ಗಸ್‌ನ ಹಿಂಗಾಲು. ಎರಡೂ ಹಿಂಗಾಲು ಹಿಡಿದು, ಹಲ್ಲು ಕಚ್ಚಿ ಎಳೆದಳು. ಗಸ್ ಕೀಂಯ್ ಎಂದ. ಹಲಗೆಯ ತುಂಡೊಂದು ಕಳಚಿ ಕೆಳಗೆ ಬಿದ್ದು ನೀರಿನಲ್ಲಿ ಗುಳುಂ ಎಂದಿತು. ಇನ್ನೊಂದು ಸಲ ಎಳೆದಳು. ಇಬ್ಬರೂ ಹುಲ್ಲಿನ ಮೇಲೆ ಉರುಳಿದರು.

ಗಸ್ ಅವಳ ಮುಖ ನೆಕ್ಕಿದ.

"ನೀವು..." ಅವಳು ತೂತಿನತ್ತ ತಿರುಗಿದಳು. "ನೀವು ನಿಜವಾದ ಮನುಷ್ಯರಾ?"

ಕೆಳಗೆ ನೀರು ಕಲಕಿದ ಸದ್ದಾಯಿತು.

"ಇಷ್ಟು ಹೊತ್ತು ನಾನೂ ನಿನ್ನ ಬಗ್ಗೆ ಅದನ್ನೇ ಯೋಚಿಸ್ತಿದ್ದೆ ಮಗೂ," ಎಂದಿತು ದನಿ. "ನಾನು ಆರ್ವಿಡ್. ಈ ಹೊಲ ನಂದೇ."

"ಆರ್ವಿಡ್ ತಾತಾನಾ? ನಾನು ಮಾರಿಟ್! ನೆಲ್ಸ್ ಮಗಳು!"

"ಅಯ್ಯೋ ದೇವರೇ. ಬೇಟೆಯವರು." ತಾತ ನಕ್ಕನೋ ಅತ್ತನೋ ತಿಳಿಯಲಿಲ್ಲ. "ಬೆಳಗ್ಗೆ ಕಿಟಕೀಲಿ ನೋಡ್ತೀನಿ, ಒಂದು ಕರು ತಪ್ಪಿಸ್ಕೊಂಡು ಈ ಕಡೆ ಬರ್ತಿದೆ. ಹಿಡಿಯೋಣ ಅಂತ ಬಂದೆ. ಈ ಹಳೇ ನೀರಿನ ತೊಟ್ಟಿ ಮರೆತೇ ಹೋಗಿತ್ತು ನೋಡು. ಕಾಲು ಮುರಿದಿದೆ. ಮೊಣಕಾಲವರೆಗೂ ನೀರು. ತುಂಬ ಚಳಿ."

"ಹಾಗಾದ್ರೆ ಗುನುಗ್ತಿದ್ದಿದ್ದು ಯಾಕೆ? ಕಾಪಾಡಿ ಅಂತ ಕೂಗ್ಬಾರ್ದಿತ್ತಾ?"

"ಕೂಗಿ ಕೂಗಿ ಸಾಕಾಗಿತ್ತು. ಆಮೇಲೆ ಗಂಟೆ ಸದ್ದು ಬಂತು." ತಾತನ ದನಿ ಇಳಿಯಿತು. "ಹೆಜ್ಜೆ ಸದ್ದಿಲ್ಲ, ಮನುಷ್ಯರ ಮಾತಿಲ್ಲ. ಬರೀ ಗಂಟೆ. ಬಂದು ನನ್ನ ತಲೆ ಮೇಲೇ ನಿಂತ್ಹೋಯ್ತು. ಸಾವೇ ನನ್ನ ಕರ್ಕೊಂಡ್ಹೋಗೋಕೆ ಬಂದಿದೆ ಅಂದ್ಕೊಂಡೆ. ಕೂಗೋಕೆ ಧೈರ್ಯ ಬರ್ಲಿಲ್ಲ. ಗುನುಗಿದ್ರೆ ಭಯ ಸ್ವಲ್ಪ ಕಮ್ಮಿ ಆಗುತ್ತೆ ನಂಗೆ."

ಮಾರಿಟ್ ಗಸ್‌ನ ಕೊರಳು ನೋಡಿದಳು. "ಅದು ನಾಯಿ, ತಾತ. ಮುದಿ ನಾಯಿ. ಕಿವೀನೇ ಕೇಳಲ್ಲ."

"ನಾಯೀನಾ!" ಈ ಸಲ ತಾತ ನಿಜವಾಗಿಯೂ ನಕ್ಕ. ನಕ್ಕು ಕೆಮ್ಮಿದ.

"ಅಪ್ಪನ್ನ ಕರ್ಕೊಂಡ್ ಬರ್ತೀನಿ."

"ಹ್ಞೂಂ, ಹೋಗು." ಒಂದು ಕ್ಷಣ ಬಿಟ್ಟು, ಮೆಲ್ಲಗೆ, "ಬೇಗ ಬರ್ತೀಯಲ್ವಾ?"

ದೊಡ್ಡವರು ಹಾಗೆ ಕೇಳಿದ್ದನ್ನು ಮಾರಿಟ್ ಎಂದೂ ಕೇಳಿರಲಿಲ್ಲ. ತನ್ನ ಮಫ್ಲರ್ ಬಿಚ್ಚಿ, ಗಸ್‌ನ ಕೊರಳ ಪಟ್ಟಿಗೆ ಸಿಕ್ಕಿಸಿ, ತೊಟ್ಟಿಯಿಂದ ದೂರವಿದ್ದ ತುಕ್ಕು ಹಿಡಿದ ಪಂಪಿಗೆ ಕಟ್ಟಿದಳು. "ಗಸ್ ಇಲ್ಲೇ ಇರ್ತಾನೆ. ಕಿವಿ ಕೆರ್ಕೊಂಡಾಗೆಲ್ಲ ಗಂಟೆ ಕೇಳ್ಸುತ್ತೆ. ಹೆದರ್ಕೋಬೇಡಿ, ಆಯ್ತಾ?"

ಕಂಬದಿಂದ ಕಂಬಕ್ಕೆ ಅವಳು ಓಡಿದಳು. ಅರ್ಧ ದಾರಿಯಲ್ಲಿ ಹಾರ್ನ್ ಕೇಳಿಸಿತು. ಬಿಟ್ಟು ಬಿಟ್ಟು ಹೊಡೆಯುವ ಹಾರ್ನ್ ಅಲ್ಲ, ಕೈ ತೆಗೆಯದೆ ಒತ್ತಿ ಹಿಡಿದ ಹಾರ್ನ್. ಮಂಜಿನಲ್ಲಿ ಹೆಡ್‌ಲೈಟ್ ಎರಡು ಹಳದಿ ಕಲೆಗಳ ಹಾಗೆ ಕಂಡಿತು. ಗಾಡಿಯ ಬಾಗಿಲು ತೆರೆದೇ ಇತ್ತು. ಒಳಕ್ಕೆ ಬಗ್ಗಿ ನಿಂತಿದ್ದ ಅಪ್ಪ ಅವಳನ್ನು ನೋಡಿದ. ಹಾರ್ನ್ ನಿಂತಿತು.

"ಇಳೀಬೇಡ ಅಂದಿದ್ನಾ ಇಲ್ವಾ? ಹೇಳು! ಅಂದಿದ್ನಾ ಇಲ್ವಾ?"

ಅಪ್ಪ ಅಷ್ಟು ಜೋರು ಮಾಡಿದ್ದನ್ನು ಅವಳು ನೋಡಿಯೇ ಇರಲಿಲ್ಲ. ಮುಖ ಬಿಳಿಚಿಕೊಂಡಿತ್ತು.

"ಅಪ್ಪಾ, ಆರ್ವಿಡ್ ತಾತ ತೊಟ್ಟಿಯೊಳಗೆ ಬಿದ್ದಿದಾರೆ!"

"ಏನು?"

"ಹಳೇ ಮನೆ ಹತ್ರ! ಕಾಲು ಮುರ್ಕೊಂಡಿದಾರೆ!"

ಸಿಗ್ನೆ ಅತ್ತೆ ತಡಮಾಡದೆ ಗಾಡಿ ಹತ್ತಿದಳು. "ದಿಣ್ಣೆ ಮೇಲೆ ಹೋದ್ರೆ ಫೋನ್ ಸಿಗ್ನಲ್ ಸಿಗುತ್ತೆ. ನೆಲ್ಸ್, ಹಗ್ಗ ತಗೋ, ಕಂಬಳಿ ತಗೋ. ಮಾರಿಟ್, ನೀನು ದಾರಿ ತೋರ್ಸು."

ಊರಿನಿಂದ ಏಣಿ, ಹಗ್ಗ, ಆಂಬುಲೆನ್ಸ್ ಬರುವವರೆಗೆ ಅಪ್ಪ ತೊಟ್ಟಿಯ ಅಂಚಿನಲ್ಲಿ ಮಲಗಿ ತಾತನ ಜೊತೆ ಮಾತಾಡುತ್ತಲೇ ಇದ್ದ. ಕಂಬಳಿ ಇಳಿಸಿದ. ಥರ್ಮಾಸಿನ ಬಿಸಿ ಕೋಕೋ ಇಳಿಸಿದ. ಮಾರಿಟ್ ಆಗಾಗ ಗಸ್‌ನ ಕೊರಳು ಅಲುಗಿಸಿ ಗಂಟೆ ಬಾರಿಸುತ್ತಿದ್ದಳು. ಪ್ರತಿ ಸಲವೂ ಕೆಳಗಿನಿಂದ ತಾತ, "ಕೇಳಿಸ್ತು, ಕೇಳಿಸ್ತು," ಎನ್ನುತ್ತಿದ್ದ.

ಮಂಜು ಕರಗುವ ಹೊತ್ತಿಗೆ ಅವನನ್ನು ಮೇಲೆ ಎತ್ತಿದರು. ತಾತ ಅವಳು ಅಂದುಕೊಂಡದ್ದಕ್ಕಿಂತ ತುಂಬ ಸಣ್ಣ ಮನುಷ್ಯ. ತುಟಿ ನೀಲಿಯಾಗಿತ್ತು. ಸ್ಟ್ರೆಚರ್ ಮೇಲಿಂದ ಗಸ್‌ನನ್ನು ಬಹಳ ಹೊತ್ತು ನೋಡಿದ.

"ಇವನಾ?" ಎಂದ. "ಇಷ್ಟು ಮುದ್ದಾದವನಿಗಾ ನಾನು ಹೆದರಿದ್ದು?"

"ನಾನು ನಿಮಗೆ ಹೆದರಿದ್ದೆ," ಎಂದಳು ಮಾರಿಟ್.

"ಕರು?" ಎಂದು ತಾತ ಅತ್ತೆಯನ್ನು ಕೇಳಿದ.

"ಆಂಬುಲೆನ್ಸ್‌ಗೆ ದಾರಿ ತೋರ್ಸೋಕೆ ಹೋದಾಗ ನೋಡ್ದೆ, ನಿಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದೆ. ರೇಡಿಯೋ ಕೇಳ್ತಾ ಇದೆ."

ಸಂಜೆ ಮೋಟೆಲಿನ ಹೊರಗೆ, ಗಾಡಿಯ ಹಿಂಬಾಗಿಲು ಇಳಿಸಿ ಅಪ್ಪ ನಾಯಿಗಳಿಗೆ ಊಟ ಹಾಕುತ್ತಿದ್ದ. ಆ ದಿನ ಒಂದು ಹಕ್ಕಿಯನ್ನೂ ಹೊಡೆದಿರಲಿಲ್ಲ. ಯಾರೂ ಅದರ ಮಾತೆತ್ತಲಿಲ್ಲ. ಬೈಗುಳ ಇನ್ನೂ ಬಾಕಿ ಇದೆ ಎಂದುಕೊಂಡು ಮಾರಿಟ್ ಸ್ವಲ್ಪ ದೂರದಲ್ಲೇ ನಿಂತಿದ್ದಳು.

"ಆ ಬಟ್ಟಲು ಕೊಡು," ಎಂದ ಅಪ್ಪ.

ಅವನ ದನಿ ಗೊಗ್ಗರಾಗಿತ್ತು. ಹರಿದ ಕಾಗದದ ಹಾಗೆ.

"ನಿನ್ನ ಗಂಟಲಿಗೆ ಏನಾಯ್ತಪ್ಪಾ?"

"ಏನಿಲ್ಲ. ಚಳಿ."

ಅತ್ತೆ ಬೂಟಿನ ಕೆಸರು ತೆಗೆಯುತ್ತಾ ತಲೆ ಎತ್ತದೆ ಹೇಳಿದಳು, "ಚಳಿಯಂತೆ. ಗಾಡಿ ಖಾಲಿ ಇರೋದು ನೋಡಿದಾಗಿನಿಂದ ನಿನ್ನ ಹೆಸರು ಹಿಡಿದು ಕೂಗಿದ್ದೇ ಕೂಗಿದ್ದು. ನಿಂಗೆ ಕೇಳಿಸ್ಲೇ ಇಲ್ವಾ?"

ಮಾರಿಟ್ ಇಲ್ಲವೆಂದು ತಲೆಯಾಡಿಸಿದಳು. ಮಂಜಿನಲ್ಲಿ ಅವಳಿಗೆ ಹಾರ್ನ್ ಒಂದೇ ಕೇಳಿಸಿತ್ತು.

ಅಪ್ಪ ಡಾಟ್‌ನ ಬಟ್ಟಲಿಗೆ ಊಟ ಸುರಿಯಹೋಗಿ ಅರ್ಧ ನೆಲಕ್ಕೆ ಚೆಲ್ಲಿದ.

ಮಾರಿಟ್ ಹತ್ತಿರ ಬಂದು, ಅಲುಗಾಡದಂತೆ ಬಟ್ಟಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಈಗ ಹಾಕಪ್ಪಾ," ಎಂದಳು.