ಹದಿನೇಳನೇ ಬಿಲ್ಲೆಯ ಕಂಬಳಿ

ನಾಗೇಂದ್ರಪ್ಪ ಒಂದೇ ಸೋಮವಾರ, ಒಂದೇ ಹೊತ್ತಿನಲ್ಲಿ, ಎರಡು ಊರಿನಲ್ಲಿ ಇದ್ದ.

ಈ ಸಂಗತಿ ಬಯಲಾದದ್ದು ನನ್ನ ಬಾಯಿಂದ. ಮೊಮ್ಮಗಳ ಧಾರೆ ಸೀರೆಗೆಂದು ಮೊಳಕಾಲ್ಮೂರಿಗೆ ಹೋಗಿದ್ದ ನಾನು ಬುಧವಾರ ಸಂಜೆ ಚಳ್ಳಕೆರೆಗೆ ವಾಪಸು ಬಂದೆ. ಗಾಡಿಯಲ್ಲಿ ಅದು ಎರಡು ದಿನದ ದಾರಿ. ನನ್ನ ಸೊಂಟದ ಲೆಕ್ಕದಲ್ಲಿ ಇಪ್ಪತ್ತು ದಿನ. ಕುಸ್ತಿಯ ದಿನ ನಾನು ಮಂಡಕ್ಕಿ ಮಾರುವ ಗರಡಿಯ ಮುಂದೆ ಇಳಿದು, ಅಲ್ಲಿ ಕೂತಿದ್ದ ಗಂಡಸರಿಗೆ ನಗಲೆಂದು ಹೇಳಿದೆ:

"ಎಣ್ಣೆ ಗಾಣದ ನಾಗೇಂದ್ರಪ್ಪ ಸಿಕ್ಕಿದ್ದ ಕಣ್ರಪ್ಪಾ. ಸೋಮವಾರ ಬೆಳಿಗ್ಗೆ, ಮಗ್ಗದೋರ ಮನೆ ಜಗ್ಲಿ ಮೇಲೆ. ಅಷ್ಟು ದೊಡ್ಡ ಧಣಿ, ಹರಕು ಕೌದಿ ಹೊದ್ಕೊಂಡು ನಡುಗ್ತಾ ಕೂತಿದ್ದ. ಅವನ ಹಲ್ಲಿನ ಕಟಕಟ ಮುಂದೆ ಒಳಗಿನ ಮಗ್ಗದ ಸದ್ದೇ ಕೇಳ್ತಿರ್ಲಿಲ್ಲ!"

ಎಲ್ಲರೂ ನಕ್ಕರು. ಗರಡಿಯ ಯಜಮಾನ ದೊಡ್ಡಪಾಲಯ್ಯ ಮಾತ್ರ ನಗಲಿಲ್ಲ.

"ಯಾವ ಸೋಮವಾರ, ಚಿಕ್ಕಕ್ಕ?"

"ಮೊನ್ನೇದು."

"ಮೊನ್ನೆ ಸೋಮವಾರ ಬೆಳಿಗ್ಗೆ ನಾಗೇಂದ್ರಪ್ಪ ಇಲ್ಲಿ ಹದಿನೇಳನೇ ಜಾಗದಾಗೆ ಕೂತು ಕುಸ್ತಿ ನೋಡ್ಯಾನೆ!"

ನಗು ನಿಂತಿತು. ಎಲ್ಲರ ಕಣ್ಣೂ ಗರಡಿಯ ಬಾಗಿಲಿಗೆ ತಿರುಗಿದವು. ಅಲ್ಲಿ ಬಾಗಿಲು ಕಾಯುವ ಮಾರಯ್ಯ ಕೋಲು ಹಿಡಿದು ಕಲ್ಲಿನ ಮೇಲೆ ಕೂತಿದ್ದ.

ಅದು ಕೀಲಕ ಸಂವತ್ಸರದ ಪುಷ್ಯ ಮಾಸ. ಸಾವಿರದ ಒಂಬೈನೂರ ಎಂಟು ಮುಗಿದು ಒಂಬತ್ತು ಕಾಲಿಟ್ಟಿತ್ತು. ಆ ಮಾಗಿಯಲ್ಲಿ ನಮ್ಮ ಗರಡಿಯವರು ಎಂಟು ಸೋಮವಾರ ಜಂಗೀ ಕುಸ್ತಿ ಇಟ್ಟಿದ್ದರು. ಸುತ್ತ ತಟ್ಟಿ ಕಟ್ಟಿ, ಐವತ್ತು ಜಾಗ ಗುರುತು ಮಾಡಿ, ಐವತ್ತು ಹಿತ್ತಾಳೆ ಬಿಲ್ಲೆ ಮಾರಿದ್ದರು. ಒಂದು ಬಿಲ್ಲೆ ಕೊಂಡರೆ ಎಂಟೂ ವಾರ ಅದೇ ಜಾಗ. ಆದರೆ ಬಿಲ್ಲೆ ಯಾರ ಹೆಸರಿನದೋ ಅವರೇ ಬರಬೇಕು. ಮಾರಬಾರದು, ಎರವಲು ಕೊಡಬಾರದು, ಹಂಚಿಕೊಳ್ಳಬಾರದು. ಹಿಂದಿನ ವರ್ಷ ಬಳ್ಳಾರಿ ಕಡೆಯವರು ನಮ್ಮವರ ಬಿಲ್ಲೆಗಳನ್ನು ಸದ್ದಿಲ್ಲದೆ ಕೊಂಡು, ಮುಂದಿನ ಸಾಲಿನಲ್ಲಿ ಕೂತು, ನಮ್ಮ ಪೈಲ್ವಾನರನ್ನೇ ಕೂಗಿ ಹಂಗಿಸಿದ್ದರು. ಆ ಅವಮಾನಕ್ಕೆ ದೊಡ್ಡಪಾಲಯ್ಯ ಮಾಡಿದ ಕಟ್ಟಳೆ ಇದು. ತಪ್ಪಿದವರು ಮತ್ತೆ ಗರಡಿ ಮೆಟ್ಟಲು ಹತ್ತುವಂತಿಲ್ಲ.

"ಮಾರಯ್ಯ, ಮೊನ್ನೆ ನಾಗೇಂದ್ರಪ್ಪ ಬಂದಿದ್ನೋ ಇಲ್ವೋ?"

"ಬಂದಿದ್ದ ಯಜಮಾನ್ರೇ. ಹದಿನೇಳನೇ ಬಿಲ್ಲೆ ತೋರ್ಸಿದ, ಒಳಕ್ಕೆ ಬಿಟ್ಟೆ. ಹಣುಮಪ್ಪನಾಣೆ."

"ಹಂಗಾದ್ರೆ ಚಿಕ್ಕಕ್ಕ ಸುಳ್ಳು ಹೇಳ್ತಾಳಾ?"

ಮಾರಯ್ಯ ನನ್ನ ಕಡೆ ತಿರುಗಿದ. ನಾನು ಸಾವಿರ ಸುಳ್ಳು ಹೇಳಿದ್ದೇನೆ; ಅವತ್ತು ಹೇಳಿರಲಿಲ್ಲ.

"ನೀನು ಏನೋ ಈಸ್ಕೊಂಡು ಬ್ಯಾರೆ ಯಾರನ್ನೋ ಬಿಟ್ಟಿದೀಯ," ಎಂದ ದೊಡ್ಡಪಾಲಯ್ಯ. "ಬರೋ ಸೋಮವಾರ ಬಳ್ಳಾರಿ ಪೈಲ್ವಾನ ಬರ್ತಾನೆ. ಅಷ್ಟ್ರಾಗೆ ನಿಜ ಹೇಳು. ಇಲ್ಲಾಂದ್ರೆ ಕೋಲು ಇಟ್ಟು ಹೋಗು."

ಈ ಮಾರಯ್ಯ ಒಂದು ಕಾಲದಲ್ಲಿ ಚಳ್ಳಕೆರೆಯ ಹೆಸರು ಹೊತ್ತು ಅಖಾಡಕ್ಕೆ ಇಳಿದವನು. ಹಿರಿಯೂರಿನ ಕುಸ್ತಿಯಲ್ಲಿ ಮಂಡಿ ಮುರಿಯಿತು. ಅವತ್ತಿನಿಂದ ಬಾಗಿಲ ಕಲ್ಲೇ ಅವನ ಅಖಾಡ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಕೋಲು ಕಿತ್ತುಕೊಂಡರೆ ಅವನ ಬಳಿ ಉಳಿಯುವುದು ಮುರಿದ ಮಂಡಿ ಒಂದೇ.

ನಾನು ನೇರ ಅವನ ಅಕ್ಕ ಯರ್ರಮ್ಮನ ಮನೆಗೆ ಹೋದೆ.

ಯರ್ರಮ್ಮ ಕಂಬಳಿಗೆ ಗಂಜಿ ಹಾಕುವವಳು. ನಮ್ಮೂರಿನಲ್ಲಿ ಮಗ್ಗದಿಂದ ಇಳಿದ ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಿದು ಒಣಗಿಸುತ್ತಾರೆ. ಆಮೇಲೆ ಅದು ಹಲಗೆಯ ಹಾಗೆ ನಿಲ್ಲುತ್ತದೆ, ಹನಿ ನೀರು ಇಳಿಯುವುದಿಲ್ಲ. ಯರ್ರಮ್ಮ ಗಂಜಿ ಹಾಕಿದ ಕಂಬಳಿಯನ್ನು ಗೋಡೆಗೆ ಒರಗಿಸಿದರೆ ಅದು ತಾನೇ ಎದ್ದು ಸಂತೆಗೆ ಹೋಗಿ ಬರುತ್ತಿತ್ತು. ಅವಳು ಮಾತು ಕಡಿಮೆ ಆಡುವವಳು. ಅವಳ ಪಾಲಿನದನ್ನೂ ನಾನೇ ಆಡುತ್ತಿದ್ದೆ.

"ನಿನ್ನ ನಾಲಿಗೆಗೂ ಒಂದಿಷ್ಟು ಗಂಜಿ ಹಾಕ್ಬೇಕಿತ್ತು ಕಣೇ, ಚಿಕ್ಕಕ್ಕ," ಎಂದಳು. ಆಮೇಲೆ ಕೈ ತೊಳೆದುಕೊಂಡು ತಮ್ಮನನ್ನು ಕರೆಸಿದಳು.

"ಮಾರ, ಬಂದೋನ ಮುಖ ನೋಡ್ದಾ?"

ಅವನು ತಲೆ ಕೆರೆದುಕೊಂಡ. "ಮಾಗಿ ಚಳಿ ಕಣಕ್ಕ. ಹೊತ್ತು ಏರೋ ಮೊದ್ಲೇ ಎಲ್ರೂ ಬರ್ತಾರೆ. ಎಲ್ರೂ ಕಂಬ್ಳಿ ಕೊಪ್ಪೆ ಹಾಕಿರ್ತಾರೆ. ಮುಖ ಎಲ್ಲಿ ಕಾಣ್ತೈತೆ?"

"ಮತ್ತೆ ನಾಗೇಂದ್ರಪ್ಪ ಅಂತ ಹೆಂಗೆ ಗೊತ್ತಾಯ್ತು?"

"ಇದೊಳ್ಳೆ ಮಾತು! ನಾಗೇಂದ್ರಪ್ಪನ ಕಂಬ್ಳಿ ನಂಗೆ ಗೊತ್ತಿಲ್ವಾ? ಕರೀದು, ಅಂಚಿಗೆ ಎರಡು ಕೆಂಪು ಗೆರೆ. ನಾನು ಕಲ್ಲಿನ ಮೇಲೆ ಕೂತಿರ್ತೀನಿ, ಅಂಚು ನನ್ನ ಕಣ್ಣ ಮುಂದೇನೇ ಹಾದು ಹೋಗ್ತೈತೆ."

ಇದರಲ್ಲಿ ಮಾರಯ್ಯನನ್ನು ನೋಡಿ ನಗುವಂತಿರಲಿಲ್ಲ. ನಮ್ಮೂರಿನಲ್ಲಿ ಕಂಬಳಿ ನೋಡಿಯೇ ಮನುಷ್ಯರನ್ನು ಮಾತಾಡಿಸುತ್ತೇವೆ. ನನ್ನ ಗಂಡ ಬದುಕಿದ್ದಾಗ ನಾನೇ ಒಮ್ಮೆ ಅವರ ಕಂಬಳಿ ಹೊದ್ದಿದ್ದ ಮೈದುನನಿಗೆ ಹಾದಿಯುದ್ದಕ್ಕೂ ಬೈದುಕೊಂಡು ಬಂದಿದ್ದೆ.

"ಎತ್ತರ?" ಯರ್ರಮ್ಮ ಕೇಳಿದಳು. "ಉದ್ದಕಿದ್ನಾ, ಕುಳ್ಳಕಿದ್ನಾ?"

"ಅಂಚು ಯಾವಾಗ್ಲೂ ಇರೋ ಕಡೇನೇ ಇತ್ತು. ಹಿಮ್ಮಡಿ ಮೇಲೆ ನಾಲ್ಕು ಬೆರಳು."

ಯರ್ರಮ್ಮ "ಹೂಂ" ಎಂದಳು. ಕೊಪ್ಪೆ ಹಾಕುವಾಗ ಕಂಬಳಿಯ ಮೇಲಂಚನ್ನು ಒಳಕ್ಕೆ ಮಡಚಿ ತಲೆಗೆ ಏರಿಸುತ್ತಾರೆ. ಕುಳ್ಳರು ಜಾಸ್ತಿ ಮಡಚುತ್ತಾರೆ, ಉದ್ದದವರು ಕಡಿಮೆ. ಹಾಗಾಗಿ ಕೆಳಗಿನ ಅಂಚು ಯಾರಿಗಾದರೂ ಹಿಮ್ಮಡಿಯ ಹತ್ತಿರವೇ ಬಂದು ನಿಲ್ಲುತ್ತದೆ. ಇದು ನನಗೂ ಗೊತ್ತಿತ್ತು. ಗೊತ್ತಿದ್ದೂ ನನಗೇನೂ ಹೊಳೆಯಲಿಲ್ಲ.

ಗುರುವಾರ ಬೆಳಿಗ್ಗೆ ಹದಿನೆಂಟನೇ ಬಿಲ್ಲೆಯ ದುರುಗಣ್ಣನನ್ನು ಹುಡುಕಿಕೊಂಡು ಹೋದೆವು. ನಾಗೇಂದ್ರಪ್ಪನ ಪಕ್ಕದಲ್ಲೇ ಅವನ ಜಾಗ. ಕುಸ್ತಿ ಹುಚ್ಚು ಎಷ್ಟೆಂದರೆ ಅವನು ನಿದ್ದೆಯಲ್ಲಿ ಹೆಂಡತಿಗೆ ಪಟ್ಟು ಹಾಕಿದ್ದಕ್ಕೆ ಆಕೆ ಬೇರೆ ಮನೆ ಮಾಡಿದ್ದಳು.

"ದುರುಗಣ್ಣ, ಪಕ್ಕದಾಗೆ ಕೂತೋನು ಮಾತಾಡಿದ್ನಾ?"

"ಮೊದಲ್ನೇ ವಾರ ಮಾತಾಡಿದ್ದ ಕಣಮ್ಮ. ಕಿವಿ ತೂತಾಗಂಗೆ ಕೂಗ್ದ. ಎರಡನೇ ವಾರ ತುಟಿ ಬಿಚ್ಚಲಿಲ್ಲ. ಹಿಂದಿನೋರು ಮಾತ್ರ 'ತಲೆ ತಗ್ಸಯ್ಯಾ, ಏನೂ ಕಾಣಾಕಿಲ್ಲ' ಅಂತ ಬೈತಿದ್ರು."

"ಮೂರನೇ ವಾರ?"

"ಅವತ್ತೂ ಮೌನ. ಆದ್ರೆ ಅವತ್ತು ತಾನೇ ಎದ್ದೆದ್ದು ಇಣುಕ್ತಿದ್ದ, ಮುಂದಿನೋರ ತಲೆ ಅಡ್ಡ ಬಂದಂಗೆ."

"ಮೊನ್ನೆ?"

"ಮೊನ್ನೆ ಮತ್ತೆ ಹಿಂದಿನೋರ ಬೈಗುಳ. ಗಂಟ್ಲು ಕಟ್ಟೈತೇನೋ ಅಂತ ನಾನು ಶುಂಠಿ ಚೂರು ಕೊಟ್ಟೆ. ಕೈ ಚಾಚಿ ತಗಂಡ, ತಿಂದ. ಆದ್ರೂ ಮಾತಿಲ್ಲ."

ಅಷ್ಟರಲ್ಲಿ ನಾಗೇಂದ್ರಪ್ಪ ಮೊಳಕಾಲ್ಮೂರಿನಿಂದ ಬಂದಿಳಿದ ಸುದ್ದಿ ಬಂತು. ಸುದ್ದಿಯ ಬಾಲ ಹಿಡಿದು ಅವನ ಬೊಬ್ಬೆಯೂ ಬಂತು.

"ಕಳ್ತನ ಆಗೈತ್ರಪ್ಪೋ! ನನ್ನ ಕಂಬ್ಳಿ, ನನ್ನ ಬಿಲ್ಲೆ! ಗಾಣದ ಮನೆ ಗೂಟದಾಗೆ ನೇತು ಹಾಕಿ ಹೋಗಿದ್ದೆ. ಈಗ ನೋಡಿದ್ರೆ ಹಿಂಡಿ ಚೀಲದ ಹಿಂದೆ ಬಿದ್ದೈತೆ. ಯಾವನೋ ಕದ್ದು, ಕುಸ್ತಿ ನೋಡಿ, ಬಿಸಾಕಿ ಹೋಗ್ಯಾನೆ. ಬಾಗಿಲು ಕಾಯೋನು ಅವನ ಜೊತೆಗಾರ!"

ಗಾಣದ ಮನೆಗೆ ಹೋಗಿ ಬರುವವರು ಇಬ್ಬರು. ಎತ್ತು ಹೊಡೆಯುವ ಹುಲಿಯಪ್ಪ, ಎಣ್ಣೆ ಗಡಿಗೆ ಮಾಡಿಕೊಡುವ ಕುಂಬಾರ ಯತ್ತಪ್ಪ. ಹುಲಿಯಪ್ಪ ಎತ್ತಿನ ಹೊಟ್ಟೆಯ ಕೆಳಗೆ ಬಗ್ಗದೆ ನುಸುಳುತ್ತಿದ್ದ. ಯತ್ತಪ್ಪನ ತಲೆಗೆ ಮಳೆ ಹನಿ ನಮಗಿಂತ ಅರ್ಧ ಗಳಿಗೆ ಮೊದಲೇ ತಾಗುತ್ತಿತ್ತು. ಇಬ್ಬರೂ "ನಾವಲ್ಲ" ಎಂದರು. ಇಬ್ಬರಿಗೂ ಬಿಲ್ಲೆ ಇರಲಿಲ್ಲ. ಇಬ್ಬರೂ ಕುಸ್ತಿ ಎಂದರೆ ಪ್ರಾಣ ಬಿಡುವವರೇ.

ಶುಕ್ರವಾರ ಬೆಳಿಗ್ಗೆ ಗರಡಿಯ ಮುಂದೆ ಎಲ್ಲರೂ ಸೇರಿದರು. ಮಾರಯ್ಯ ಕೋಲನ್ನು ತಾನೇ ತಂದು ಯಜಮಾನನ ಕಾಲ ಬಳಿ ಇಟ್ಟು, ಕೈ ಕಟ್ಟಿಕೊಂಡು ನಿಂತ. ಕೋಲಿಲ್ಲದೆ ಅವನಿಗೆ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ.

ಯರ್ರಮ್ಮ ಮುಂದೆ ಬಂದಳು.

"ಯಜಮಾನ್ರೇ, ನಂದೊಂದೆರಡು ಮಾತು ಕೇಳೋದೈತೆ. ನಾಗೇಂದ್ರಪ್ಪ, ನೀವು ಮೊಳಕಾಲ್ಮೂರಿಗೆ ಹೊಂಟಿದ್ದು ಯಾವಾಗ?"

"ಶನಿವಾರ ಬೆಳಿಗ್ಗೆ."

"ಆವಾಗ ಕಂಬ್ಳಿ ಗೂಟದಾಗೆ ಇತ್ತಾ?"

"ಇತ್ತಮ್ಮ. ನಾನೇ ಕಣ್ಣಾರೆ ನೋಡಿ ಹೋದೆ."

"ಈ ಚಳಿಯಾಗೆ, ಎರಡು ದಿನದ ಗಾಡಿ ದಾರಿಗೆ, ಹೊಸಾ ಕಂಬ್ಳಿ ಗೂಟಕ್ಕೆ ಹಾಕಿ, ಹರಕು ಕೌದಿ ಹೊದ್ದು ಹೋದ್ರಾ?"

ಯರ್ರಮ್ಮ ಸೇರಿದ್ದ ಗಂಡಸರ ಕಡೆ ತಿರುಗಿದಳು.

"ಚಿಕ್ಕಕ್ಕ ನಗಾಡ್ಕೊಂಡು ಹೇಳಿದ್ಲು, ನೀವೆಲ್ಲಾ ನಕ್ಕು ಬಿಟ್ರಿ. ಧಣಿ ಯಾಕೆ ಕೌದಿ ಹೊದ್ದಿದ್ದ ಅಂತ ಯಾರೂ ಕೇಳಲಿಲ್ಲ. ಕಂಬ್ಳಿ ಊರಾಗೇ ಇರ್ಬೇಕಿತ್ತು, ಅದಕ್ಕೇ ಬಿಟ್ಟು ಹೋಗಿದ್ದು. ಬರೀ ಬಿಲ್ಲೆ ತೋರ್ಸಿದ್ರೆ ಮಾರಯ್ಯ ಒಳಕ್ಕೆ ಬಿಡಾಕಿಲ್ಲ. ಬಿಲ್ಲೆ ಜೊತೆಗೆ ಈ ಕಂಬ್ಳೀನೂ ಬರ್ಬೇಕು."

"ಮರ್ತು ಹೋದೆ ಕಣಮ್ಮ!" ನಾಗೇಂದ್ರಪ್ಪ ಕೂಗಿದ. "ಅವಸರದಾಗೆ ಮರ್ತೆ! ಅದನ್ನೇ ಕಳ್ಳ ನೋಡ್ಕೊಂಡ!"

"ಈಗ ತಾನೇ ಕಣ್ಣಾರೆ ನೋಡಿ ಹೋದೆ ಅಂದ್ರಿ. ಇರ್ಲಿ ಬಿಡಿ, ಕಂಬ್ಳಿ ಕೊಡಿ."

ಅವಳು ಅದನ್ನು ಅಂಗಳದಲ್ಲಿ ಹಾಸಿ, ಬಿಸಿಲಿಗೆ ಓರೆಯಾಗಿ ಎಳೆದಳು. ಎಲ್ಲರೂ ಬಗ್ಗಿದರು. ನಾನೂ ಬಗ್ಗಿದೆ, ಮೇಲೇಳುವುದಕ್ಕೆ ಇಬ್ಬರು ಬೇಕಾದರು.

"ಈ ಕಂಬ್ಳಿಗೆ ಗಂಜಿ ಹಾಕಿದ್ದು ನಾನು. ಮೊದಲ್ನೇ ಕುಸ್ತಿ ಹಿಂದಿನ ದಿನ ಇವರ ಕೈಗೆ ಕೊಟ್ಟೆ. ನಾನು ಮಡಚಿ ಕೊಡಲ್ಲ, ಬಿದಿರಿಗೆ ಸುತ್ತಿ ಕೊಡ್ತೀನಿ. ಒಂದೂ ಗೆರೆ ಇರ್ಲಿಲ್ಲ. ಗಂಜಿ ಕುಡಿದ ಕಂಬ್ಳೀನ ಎಲ್ಲಿ ಮಡಚ್ತೀವೋ ಅಲ್ಲಿ ಗೆರೆ ಕೂತ್ಕಂತದೆ. ಈಗ ನೋಡ್ರಿ."

ಕಪ್ಪು ಉಣ್ಣೆಯ ಮೇಲೆ, ಮೇಲಂಚಿನಿಂದ ಕೆಳಕ್ಕೆ, ಅಡ್ಡಡ್ಡಲಾಗಿ ಮೂರು ಗೆರೆಗಳು. ಒಂದು ನಾಲ್ಕು ಬೆರಳಿನ ಹತ್ತಿರ. ಒಂದು ಗೇಣಿನ ಹತ್ತಿರ. ಒಂದು ಎರಡು ಗೇಣಿಗೂ ಕೆಳಗೆ.

"ನಾಗೇಂದ್ರಪ್ಪ, ಕೊಪ್ಪೆ ಹಾಕ್ರಿ."

ಅವನು ಹಾಕಲಿಲ್ಲ. ದೊಡ್ಡಪಾಲಯ್ಯ "ಹಾಕು" ಎಂದ. ಹಾಕಿದ. ಕಂಬಳಿ ಗೇಣಿನ ಗೆರೆಗೆ ತಾನಾಗಿಯೇ ಮಡಚಿಕೊಂಡಿತು. ಅಂಚು ಹಿಮ್ಮಡಿಯ ಮೇಲೆ ನಾಲ್ಕು ಬೆರಳಿಗೆ ನಿಂತಿತು.

"ಇದು ಧಣಿ ಗೆರೆ. ಕಳ್ಳ ಒಬ್ನೇ ಆಗಿದ್ದು, ಒಂದೇ ದಿನ ಹೊದ್ದಿದ್ರೆ ಇನ್ನೊಂದು ಗೆರೆ ಇರ್ಬೇಕಿತ್ತು, ಅದೂ ತೆಳ್ಳಗೆ. ಇಲ್ಲಿ ಇನ್ನೆರಡು ಐತೆ, ಎರಡೂ ಆಳವಾಗವೆ. ನಾಲ್ಕು ಬೆರಳಿಂದು ಎಲ್ಲಕ್ಕಿಂತ ಆಳ. ಅದರಾಗೆ ಎರಡು ಸಲ ಕೂತವ್ರೆ. ದುರುಗಣ್ಣ, ಹಿಂದಿನೋರು ಬೈದಿದ್ದು ಎಷ್ಟು ವಾರ?"

"ಎರಡು."

"ಯತ್ತಪ್ಪ, ಬಾರಪ್ಪ ಇಲ್ಲಿ."

ಯತ್ತಪ್ಪ ಕೊಪ್ಪೆ ಹಾಕಿದ. ನಾಲ್ಕು ಬೆರಳಿನ ಗೆರೆ, ಅಂಚು ಅದೇ ಜಾಗಕ್ಕೆ. ಹುಲಿಯಪ್ಪನನ್ನು ಯಾರೂ ಕರೆಯಲಿಲ್ಲ. ಅವನೇ ಮುಂದೆ ಬಂದು ಅಳು ದನಿಯಲ್ಲಿ ಹೇಳಿದ:

"ಎರಡು ಗೇಣಿನ ಗೆರೆ ನಂದೇ ಕಣ್ರಿ. ಕದ್ದಿಲ್ಲ, ಹಣುಮಪ್ಪನಾಣೆ. ಧಣೀನೇ ಕೊಟ್ಟಿದ್ದು. ಕೂಲಿ ಇಲ್ದೆ ಒಂದು ತಿಂಗಳು ಎತ್ತು ಹೊಡೀತೀನಿ ಅಂತ ಒಪ್ಕಂಡೆ."

"ನಾನು ಮೂವತ್ತು ಎಣ್ಣೆ ಗಡಿಗೆ ಕೊಟ್ಟೀನಿ," ಎಂದ ಯತ್ತಪ್ಪ, ಕೊಪ್ಪೆಯೊಳಗಿನಿಂದಲೇ. "ಮಾತಾಡ್ಬ್ಯಾಡ, ದನಿ ಗೊತ್ತಾಗ್ತೈತೆ ಅಂದಿದ್ರು. ಬಾಯಿ ಮುಚ್ಚಿ ಕುಸ್ತಿ ನೋಡೋದು ಎಷ್ಟು ಕಷ್ಟ ಗೊತ್ತೇನ್ರಿ?"

ಯರ್ರಮ್ಮ ನಾಗೇಂದ್ರಪ್ಪನ ಕಡೆ ತಿರುಗಿದಳು.

"ಕಳ್ತನ ಆಗಿಲ್ಲ ಯಜಮಾನ್ರೇ. ಬಿಲ್ಲೆ ಮಾರಿದ್ದೂ ಇವರೇ, ಕಳ್ಳ ಬಂದ ಅಂತ ಕೂಗಿದ್ದೂ ಇವರೇ. ಮಾರಿದ್ದಕ್ಕೆ ನಂಗೇನೂ ಸಿಟ್ಟಿಲ್ಲ, ಅದು ನಿಮ್ಮ ಗರಡಿ ಮಾತು. ಆದ್ರೆ ತನ್ನ ಜಾಗ ಉಳಿಸ್ಕಳಾಕೆ ಕುಂಟನ ಕೈಲಿರೋ ಕೋಲಿಗೆ ಕೈ ಹಾಕಿದ್ರಲ್ಲ, ಅದು ನಂಗೆ ಸಿಟ್ಟು."

ದೊಡ್ಡಪಾಲಯ್ಯ ಹದಿನೇಳನೇ ಬಿಲ್ಲೆಯನ್ನು ಕಲ್ಲಿನ ಮೇಲಿಟ್ಟು, ಗರಡಿಯ ಕಲ್ಲುಗುಂಡು ಎತ್ತಿ ಒಂದೇ ಏಟಿಗೆ ಚಪ್ಪಟೆ ಮಾಡಿದ. ಧಣಿಗೆ ಗರಡಿಯ ಮೆಟ್ಟಲು ಮುಗಿಯಿತು. ಹುಲಿಯಪ್ಪ, ಯತ್ತಪ್ಪರಿಗೆ ಆ ಮಾಗಿ ಮುಗಿಯುವ ತನಕ ತಟ್ಟಿಯ ಆಚೆ ಜಾಗ. ಯತ್ತಪ್ಪನಿಗೆ ಅದು ಶಿಕ್ಷೆಯೇ ಆಗಲಿಲ್ಲ; ಅವನಿಗೆ ತಟ್ಟಿಯ ಮೇಲಿನಿಂದ ಎಲ್ಲವೂ ಕಾಣುತ್ತಿತ್ತು.

"ಆದ್ರೂ ಮಾರಯ್ಯ ಮುಖ ನೋಡ್ಬೇಕಿತ್ತು," ಎಂದ ಯಜಮಾನ, ಗಾಂಭೀರ್ಯ ಬಿಡದೆ.

ದುರುಗಣ್ಣ ಗಂಟಲು ಸರಿಮಾಡಿಕೊಂಡ. "ಯಜಮಾನ್ರೇ, ಮೊನ್ನೆ ನೀವೇ ಬಂದು 'ಏನ್ ನಾಗೇಂದ್ರಪ್ಪ, ಕುಶಲಾನಾ' ಅಂತ ಆ ಕಂಬ್ಳಿ ಬೆನ್ನು ತಟ್ಟಿ ಹೋದ್ರಿ."

ದೊಡ್ಡಪಾಲಯ್ಯ ಬಗ್ಗಿ ಕೋಲು ಎತ್ತಿಕೊಂಡ. ತನ್ನ ಪಂಚೆಯಿಂದ ಅದರ ಧೂಳು ಒರೆಸಿ ಮಾರಯ್ಯನ ಕೈಗೆ ಕೊಟ್ಟ.

ಸೋಮವಾರ ಬಳ್ಳಾರಿ ಪೈಲ್ವಾನ ಬಂದ. ಜನವೋ ಜನ, ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಯ ಬಂಡೆಗಳೂ ಎದ್ದು ಬಂದಿದ್ದವೇನೋ ಅನ್ನಬೇಕು. ಮಾರಯ್ಯ ಅವತ್ತು ಕಲ್ಲಿನ ಮೇಲೆ ಕೂರಲಿಲ್ಲ. ಕೋಲೂರಿ ನಿಂತು, ಒಬ್ಬೊಬ್ಬರ ಕೊಪ್ಪೆಯನ್ನೂ ಹಿಂದಕ್ಕೆ ಸರಿಸಿ, ಮುಖ ನೋಡಿ, ಆಮೇಲೆ ಬಿಲ್ಲೆ ನೋಡಿದ. ಮೊದಲು ಸರಿದದ್ದು ಯಜಮಾನನ ಕೊಪ್ಪೆ.

ನಾನು ಎಂದಿನಂತೆ ಮಂಡಕ್ಕಿ ಬುಟ್ಟಿ ಹೊತ್ತು ಒಳಗೆ ಹೊರಟೆ. ಕೋಲು ಅಡ್ಡ ಬಂತು.

"ಮುಖ ತೋರ್ಸು, ಚಿಕ್ಕಕ್ಕ."

"ಲೇ ಮಾರ, ನಲ್ವತ್ತು ವರ್ಷದಿಂದ ನಿನ್ನ ಮುಂದೇನೇ ಓಡಾಡ್ತೀನಲ್ಲೋ!"

"ನಲ್ವತ್ತು ವರ್ಷದಿಂದ ಬುಟ್ಟಿ ನೋಡೀನಿ," ಎಂದ ಮಾರಯ್ಯ. "ಮುಖ ಇವತ್ತೇ ನೋಡ್ತಿರೋದು."

ಬುಟ್ಟಿ ಇಳಿಸಿ ಮುಖ ತೋರಿಸಿದೆ. ಅವನು ನಿಧಾನವಾಗಿ ನೋಡಿ, ಕೋಲು ಸರಿಸಿದ.