ಕುದುರೆ ಇಲ್ಲದ ಚಂದ್ರ

“ಕಂಡಿತು! ಚಂದ್ರ ಕಂಡಿತು! ನಾಳೆ ಪೆರ್ನಾಲ್ ಹಬ್ಬ!”

ಸಾಹುಲ್ ಹಮೀದ್ ಗುಡ್ಡೆಯಿಂದ ಒಂದೇ ಓಟಕ್ಕೆ ಮಸೀದಿಯ ಅಂಗಳಕ್ಕೆ ಇಳಿದ. ಅಲ್ಲಿ ರಂಜಾನಿನ ಉಪವಾಸ ಬಿಟ್ಟು ಕೂತಿದ್ದ ಹಿರಿಯರು ಅವನ ಮುಖ ನೋಡಿ, ಮತ್ತೆ ತಮ್ಮ ಹರಟೆಗೆ ಮರಳಿದರು.

“ಪುನಃ ಶುರುವಾಯ್ತಾ ನಿನ್ನದು?” ಎಂದರು ಆದಂ ಕಾಕ. ಕಡಬ ಪೇಟೆಯ ದೊಡ್ಡ ಅಂಗಡಿಯೂ ಅವರದೇ, ಮಸೀದಿಯಲ್ಲಿ ಕೊನೆಯ ಮಾತೂ ಅವರದೇ. “ಮೊನ್ನೆ ಹುಲಿ, ನಿನ್ನೆ ಮೊಸಳೆ. ಇವತ್ತು ಚಂದ್ರನಾ?”

ಅವರದ್ದೂ ತಪ್ಪಲ್ಲ ಬಿಡಿ. ಸಾಹುಲ್ ಹೇಳಿದರೆ ಪಕ್ಕದ ಮನೆಯ ಬೆಕ್ಕೂ ಹುಲಿಯಾಗುತ್ತಿತ್ತು. ಯಾವ ಕತೆಯಾದರೂ ನಡುವೆ ಒಂದು ಬಿಳಿ ಕುದುರೆ ಓಡಿ ಬರಲೇಬೇಕು. ಮುಂದೆ ಇಂಥದ್ದನ್ನೇ ಪುಸ್ತಕ ಮಾಡಿದಾಗ ಜನ ಅವನನ್ನು ಕಾದಂಬರಿಕಾರ ಎಂದು ಕರೆದು ಹಾರ ಹಾಕಿದರು. ಆದರೆ ಅದು 1958. ಅವನಿಗಿನ್ನೂ ಒಂಬತ್ತು ವರ್ಷ. ಹಾರದ ಬದಲು ಕಿವಿ ಹಿಂಡಿಸಿಕೊಳ್ಳುವ ಕಾಲ.

“ರುಕಿಯಾ ಬರಲಿ. ಅವಳು ಹೇಳಿದರೆ ನಂಬುವ,” ಎಂದರು ಆದಂ ಕಾಕ.

ರುಕಿಯಾ ಸಾಹುಲ್‌ನ ಅಕ್ಕ, ಆರನೇ ಕ್ಲಾಸು. ಮುಂದೆ ವಿಜ್ಞಾನಿಯಾದವಳು. ಉಮ್ಮ “ಅನ್ನ ಬೆಂದಿತು” ಎಂದರೆ “ಎಷ್ಟು ಬೆಂದಿತು?” ಎಂದು ಕೇಳಿ ಆಗಲೇ ಮನೆಯವರ ತಲೆ ತಿನ್ನುತ್ತಿದ್ದಳು. ಆ ಸಂಜೆ ಅವಳೂ ಗುಡ್ಡೆಯ ಮೇಲಿದ್ದಳು. ಹಳೇ ಪೇಪರು ಸುತ್ತಿ ಕೊಳವೆ ಮಾಡಿ, ಕಳೆದ ತಿಂಗಳು ಚಂದ್ರ ಕಂಡಿದ್ದ ಎರಡು ತಾಳೆಮರಗಳ ನಡುವಿಗೇ ಗುರಿಯಿಟ್ಟಿದ್ದಳು. ಒಂದು ಕಣ್ಣು ಮುಚ್ಚಿ ನಿಂತವಳು ಕೊಳವೆಯನ್ನು ಅಲ್ಲಾಡಿಸಿರಲಿಲ್ಲ. ಚಂದ್ರನಿಗೆ ಮಾತ್ರ ಅದರೊಳಗೆ ಬರಬೇಕೆಂದು ಯಾರೂ ಹೇಳಿರಲಿಲ್ಲ.

ಅವಳು ಇಳಿದು ಬಂದಳು.

“ನಿನಗೆ ಕಂಡಿತಾ ಮಗಳೇ?”

“ಇಲ್ಲ.”

“ಕೇಳಿದಿಯಾ?” ಆದಂ ಕಾಕ ಸಾಹುಲ್‌ನತ್ತ ತಿರುಗಿದರು. “ಹಬ್ಬದ ವಿಷಯದಲ್ಲೂ ಸುಳ್ಳು ಹೇಳುದಾ? ಹಬ್ಬದ ದಿನ ಎಲ್ಲರ ಎದುರು ನಿಂತು ‘ನಾನು ಸುಳ್ಳ’ ಅಂತ ನೀನೇ ಹೇಳಬೇಕು.”

ಸಾಹುಲ್ ಅಳಲಿಲ್ಲ. ಮನೆಯ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ರುಕಿಯಾಗೆ ಅದೇ ವಿಚಿತ್ರ ಎನಿಸಿತು.

“ಎಲ್ಲಿ ಕಂಡಿತು ನಿನಗೆ?”

“ತಾಳೆಮರದಿಂದ ಬಲಕ್ಕೆ. ಸೂರ್ಯ ಮುಳುಗಿದಲ್ಲೇ, ಸ್ವಲ್ಪ ಮೇಲೆ.”

“ಹೇಗಿತ್ತು?”

“ಸಪೂರ ಇತ್ತು. ಮೋಡ ಬಂತು, ಹೋಯ್ತು.”

“ಮತ್ತೆ?”

“ಮತ್ತೆ ಎಂತದೂ ಇಲ್ಲ.”

ರುಕಿಯಾ ಅಲ್ಲೇ ನಿಂತಳು. ಕುದುರೆ ಎಲ್ಲಿ?

ಕುದುರೆ ಇರಲಿಲ್ಲ. ಅಷ್ಟೇ ಅಲ್ಲ, ಕಳೆದ ತಿಂಗಳು ತಾಳೆಮರಗಳ ನಡುವೆ ಮುಳುಗುತ್ತಿದ್ದ ಸೂರ್ಯ ಈಗ ಬಲಕ್ಕೆ ಸರಿದಿದ್ದ. ಅದೂ ಅವಳಿಗೆ ಗೊತ್ತಿತ್ತು, ಎಳೆ ಚಂದ್ರ ಕಾಣುವುದು ಸೂರ್ಯ ಮುಳುಗಿದ ಹತ್ತಿರವೇ ಎಂಬುದೂ ಗೊತ್ತಿತ್ತು! ಆದರೂ ಚಂದ್ರನನ್ನು ಹಳೇ ಜಾಗದಲ್ಲೇ ಹುಡುಕಿದ್ದಳು. ಅವಳಿಗೆ ಎಷ್ಟು ನಾಚಿಕೆಯಾಯಿತೆಂದರೆ, ಕಿವಿ ಬಿಸಿಯಾಯಿತು. ತಮ್ಮನ ಕೈ ಹಿಡಿದುಕೊಂಡು ಮಸೀದಿಯ ಅಂಗಳಕ್ಕೆ ವಾಪಸ್ ಓಡಿದಳು.

“ಆದಂ ಕಾಕ, ಇವನು ಹೇಳಿದ್ದು ನಿಜ. ನಾನೇ ತಪ್ಪು ಜಾಗ ನೋಡಿದ್ದು.”

“ನಿಜ ಅಂತ ನಿನಗೆ ಹೇಗೆ ಗೊತ್ತು?”

“ಸೂರ್ಯ ಬಲಕ್ಕೆ ಹೋಗಿದ್ದಾನೆ, ನನ್ನ ಕೊಳವೆ ಹೋಗಿರಲಿಲ್ಲ. ಮತ್ತೆ... ಇವನು ಹೇಳಿದ್ದರಲ್ಲಿ ಕುದುರೆ ಇಲ್ಲ.”

ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇವಳಿಗೂ ತಮ್ಮನ ಗಾಳಿ ಬಡೀತು!”

ಅಷ್ಟರಲ್ಲಿ ಪುತ್ತೂರಿನ ಬಸ್ಸು ಬಂತು. ಡ್ರೈವರ್ ಕುಕ್ಕಪ್ಪ ಕಿಟಕಿಯಿಂದ ತಲೆ ಹೊರಹಾಕಿದ. “ಚಂದ್ರ ಕಂಡಿದೆಯಂತೆ ಮಾರಾಯ್ರೆ! ನಾಳೆಯೇ ಹಬ್ಬ. ಪುತ್ತೂರಿನ ಮಸೀದಿಯವರು ಹೇಳಿ ಕಳಿಸಿದ್ದಾರೆ.”

ಕುಕ್ಕಪ್ಪ ಆಕಾಶ ನೋಡಿದವನಲ್ಲ. ರಸ್ತೆಯನ್ನೂ ಅಷ್ಟಾಗಿ ನೋಡುವುದಿಲ್ಲ ಎಂದು ಬಸ್ಸಿನಲ್ಲಿ ಕೂತವರು ಹೇಳುತ್ತಿದ್ದರು. ಆದರೂ ಅವನ ಮಾತನ್ನು ಎಲ್ಲರೂ ಕೂಡಲೇ ನಂಬಿದರು. ಸಾಹುಲ್‌ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಹಿರಿಯರಿಗೆಲ್ಲ ಇದ್ದಕ್ಕಿದ್ದಂತೆ ಭಾರೀ ಕೆಲಸಗಳು ನೆನಪಾಗಿದ್ದವು.

ಮರುದಿನ ಹಬ್ಬದೂಟ ಮುಗಿಸಿ ಮಕ್ಕಳು ಸಾಹುಲ್‌ನ ಸುತ್ತ ಕೂತರು.

“ಚಂದ್ರ ಬಂತಾ, ಅದರ ಹಿಂದೆಯೇ ಒಂದು ಬಿಳಿ ಕುದುರೆ...”

“ಸುಳ್ಳು!” ಎಂದಳು ಪಕ್ಕದ ಮನೆಯ ಸಫಿಯಾ. “ರುಕಿಯಾ, ಕುದುರೆ ಇತ್ತಾ?”

ಎಲ್ಲರೂ ರುಕಿಯಾಳತ್ತ ತಿರುಗಿದರು. ಸಾಹುಲ್ ತಲೆ ತಗ್ಗಿಸಿದ.

ರುಕಿಯಾ ತಮ್ಮನನ್ನು ನೋಡಿದಳು. ಬಾಯಲ್ಲಿದ್ದ ಪಾಯಸ ನುಂಗಿದಳು.

“ನಾನು ಆ ಕಡೆ ನೋಡಿರಲಿಲ್ಲ,” ಎಂದಳು.