ಅಹವಾಲು ಸಭೆಯ ದಿನ

ಉಲ್ಲಾಳದ ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಹೆಣ ಬಿದ್ದಿತ್ತು. ಮೊದಲು ನೋಡಿದವನು ನೀರು ಬಿಡುವ ಕೆಂಪಯ್ಯ. ಬೆಳಗ್ಗೆ ಆರೂ ಮುಕ್ಕಾಲಿಗೆ ವಾಲ್ವ್ ತಿರುಗಿಸಲು ಬಂದವನಿಗೆ ಕಂಬಗಳ ನಡುವೆ ಸೀರೆಯ ಸೆರಗು ಕಂಡಿತು. ಯಾರೋ ಮಲಗಿದ್ದಾರೆ ಅಂದುಕೊಂಡ. ಹತ್ತಿರ ಹೋದರೆ ಚಿಕ್ಕಲಕ್ಷ್ಮಮ್ಮ. ತಲೆ ಒಡೆದಿತ್ತು.

ಸಬ್ ಇನ್‌ಸ್ಪೆಕ್ಟರ್ ವಚನಾ ಏಳೂ ಕಾಲಿಗೆ ಬಂದಳು. ಆ ಹೊತ್ತಿಗಾಗಲೇ ಊರು ಸೇರಿತ್ತು. ಸತ್ತವರು ಯಾರೆಂದು ಯಾರೂ ಹೇಳಬೇಕಿರಲಿಲ್ಲ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು. ಒಂಬತ್ತು ವರ್ಷದಿಂದ ನೀರು–ಬಸ್ಸು ಹೋರಾಟ ಸಮಿತಿಯ ಕಾರ್ಯದರ್ಶಿ. ನೀರು ಸರಬರಾಜನ್ನು ಖಾಸಗಿ ಕಂಪನಿಗೆ ಕೊಡಬೇಡಿ, ಬಸ್ಸು ಕಡಿಮೆ ಮಾಡಬೇಡಿ ಎಂದು ಚಪ್ಪಲಿ ಸವೆಸಿದವರು. ಅವತ್ತೇ ಹನ್ನೊಂದು ಗಂಟೆಗೆ ನೀರಿನ ಅಹವಾಲು ಸಭೆ. ಜನ ತಮ್ಮ ಆಕ್ಷೇಪ ಹೇಳಲು ಉಳಿದಿದ್ದ ಕೊನೆಯ ಅವಕಾಶ ಅದೊಂದೇ.

"ಕಾಲು ಜಾರಿರ್ಬೇಕು ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ಅಮರೇಶ. "ದಿನಾ ಟ್ಯಾಂಕ್ ಹತ್ತಿ ನೀರು ಎಷ್ಟಿದೆ ಅಂತ ಬರ್ಕೊಳ್ಳೋರಂತೆ."

ವಚನಾ ಸಿಮೆಂಟಿನ ಮೆಟ್ಟಿಲು ಹತ್ತಿದಳು. ಎರಡನೇ ತಿರುವಿನಲ್ಲಿ ಕಂಬಿ ಮುರಿದಿತ್ತು. ಅಲ್ಲೇ ಹಸಿರು ಬಳೆಯ ಚೂರುಗಳು. ಬಟ್ಟೆ ಚೀಲದ ಹಿಡಿಯ ಒಂದು ತುಂಡು.

"ಜಾರಿ ಬಿದ್ದವರ ಬಳೆ ಕೆಳಗೆ ಒಡೆಯುತ್ತೆ ಅಮರೇಶ. ಇದು ಮೇಲೇ ಒಡೆದಿದೆ. ಚೀಲ ಎಲ್ಲಿ?"

ಚೀಲ ಎಲ್ಲೂ ಸಿಗಲಿಲ್ಲ.

ಗುಂಪಿನ ಮುಂದೆ ಖಾದಿ ಜುಬ್ಬದ ಹಿರಿಯರೊಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಸಮಿತಿಯ ಅಧ್ಯಕ್ಷ ಗಿರಿರಾಜ್, ನಿವೃತ್ತ ಕಾಲೇಜು ಮೇಷ್ಟ್ರು.

"ದೀಪಾಂಜಲಿ ನಗರದಿಂದ ಆರೂ ಇಪ್ಪತ್ತರ ಬಸ್ಸಿಗೆ ಬಂದೆನಮ್ಮ. ಇಳೀತಿದ್ದ ಹಾಗೇ ಈ ಸುದ್ದಿ."

"ಯಾರ ಮೇಲಾದ್ರೂ ಅನುಮಾನ ಇದೆಯಾ ಸಾರ್?"

"ನಾನೇ ಹೇಳ್ಬೇಕಾ? ಟ್ಯಾಂಕರ್ ಚನ್ನಕೇಶವ. ಮೊನ್ನೆ ಎಲ್ಲರ ಮುಂದೆ ಕೈಕಾಲು ಮುರೀತೀನಿ ಅಂದಿದ್ದ."

ಟ್ಯಾಂಕಿನ ಪಕ್ಕದ ಕೆಸರಿನಲ್ಲಿ ಲಾರಿಯ ಚಕ್ರದ ಗುರುತು ಇನ್ನೂ ಹಸಿಯಾಗಿತ್ತು.

*

ಒಂಬತ್ತಕ್ಕೆ ಚನ್ನಕೇಶವನನ್ನು ಠಾಣೆಗೆ ಕರೆತಂದರು. ಹತ್ತಕ್ಕೆ ಠಾಣೆಯ ಮುಂದೆ ನಾನೂರು ಜನ. "ಮೊದಲು ನ್ಯಾಯ, ಆಮೇಲೆ ಸಭೆ," ಎಂದು ಗಿರಿರಾಜ್ ಮೈಕಿನಲ್ಲಿ ಹೇಳುತ್ತಿದ್ದುದು ಒಳಗೂ ಕೇಳುತ್ತಿತ್ತು.

"ಕಳ್ತನ ಒಪ್ಕೋತೀನಿ," ಎಂದ ಚನ್ನಕೇಶವ. ಹಳೇ ಊರಿನ ಜಮೀನುದಾರ, ಐದು ಟ್ಯಾಂಕರ್ ಓಡಿಸುವವನು. "ಐದೂವರೆಗೆ ಅಲ್ಲಿನ ಪೈಪಿಂದ ಒಂದು ಲೋಡ್ ತುಂಬ್ಕೊಂಡೆ. ದಿನಾ ತುಂಬ್ಕೋತೀನಿ. ಕೊಲೆ ನಂದಲ್ಲ ಮೇಡಂ."

"ಅವರು ನೋಡ್ಲಿಲ್ವಾ?"

"ನೋಡಿದ್ರು. ಮೆಟ್ಟಿಲ ಮೇಲೆ ಕೂತಿದ್ರು. ದಿನಾ ನನ್ನ ಜನ್ಮ ಜಾಲಾಡೋರು. ಇವತ್ತು ಬೈಲಿಲ್ಲ. 'ತುಂಬ್ಕೊಂಡ್ ಹೋಗಪ್ಪ, ಇನ್ನೇನಿದೆ' ಅಂದ್ರು. ನಂಗೇ ಒಂಥರಾ ಆಯ್ತು."

ನಾಗರಬಾವಿಯ ಪಿಜಿಯೊಂದರ ಕ್ಯಾಮೆರಾದಲ್ಲಿ ಅವನಿದ್ದ. ಐದು ಐವತ್ತೆಂಟರಿಂದ ಆರೂ ಮುಕ್ಕಾಲಿನವರೆಗೆ ನೀರು ಇಳಿಸಿದ್ದ. ಚಿಕ್ಕಲಕ್ಷ್ಮಮ್ಮ ಮಗಳು ಅನುಗೆ ಫೋನ್ ಮಾಡಿ, ಬರೋದು ತಡವಾಗುತ್ತೆ ಅಂದಿದ್ದು ಆರೂ ಹತ್ತಕ್ಕೆ. ಆಗ ಅವರು ಬದುಕಿದ್ದರು.

ಇದೆಲ್ಲ ಖಚಿತವಾಗುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು. ಹನ್ನೊಂದರ ಸಭೆ ಹನ್ನೊಂದೂ ಕಾಲಿಗೇ ಮುಗಿದಿತ್ತು. ಆಕ್ಷೇಪ ಹೇಳಬೇಕಾದವರೆಲ್ಲ ಠಾಣೆಯ ಮುಂದೆ ಕೂಗುತ್ತಿದ್ದರು.

*

ವಚನಾ ಚನ್ನಕೇಶವನ ಹೇಳಿಕೆಯನ್ನು ಮತ್ತೆ ಓದಿದಳು. ಒಂಬತ್ತು ವರ್ಷ ಹೋರಾಡಿದವರು ಸಭೆಯ ಬೆಳಗ್ಗೆ 'ಇನ್ನೇನಿದೆ' ಅನ್ನುತ್ತಾರೆಯೇ? ಸಭೆ ನಡೆಯುವ ಮೊದಲೇ ಸೋತದ್ದು ಅವರಿಗೆ ಗೊತ್ತಿತ್ತೇ?

"ಅಮ್ಮ ಹಿಂದಿನ ರಾತ್ರಿ ಮುದ್ದೆ ಮುಟ್ಲಿಲ್ಲ," ಎಂದಳು ಅನು. "ಏನಾಯ್ತು ಅಂದ್ರೆ, ನಾಳೆ ಎಲ್ಲರ ಮುಂದೆ ಓದ್ತೀನಿ ಕಣೇ, ಆಗ ಕೇಳು ಅಂದ್ರು."

"ಏನು ಓದೋದು?"

"ಗೊತ್ತಿಲ್ಲ. ಯಾವುದೋ ಕಾಗದ. ಸಂಜೆ ನೀರಿನ ಆಫೀಸಿಗೆ ಹೋಗಿ ಬಂದಿದ್ರು."

ಕಚೇರಿಯ ಗುಮಾಸ್ತ ನಾಗರಾಜು ಕಡತ ತೆಗೆದು ತೋರಿಸಿದ. ಅದರಲ್ಲಿ ಸಮಿತಿಯ ಒಪ್ಪಿಗೆ ಪತ್ರವಿತ್ತು. ನೀರು ಸರಬರಾಜನ್ನು ಕಂಪನಿಗೆ ಕೊಡಲು ಸಮಿತಿಯ ಅಭ್ಯಂತರವಿಲ್ಲ. ಸಮಿತಿಯ ಮೊಹರು, ಗಿರಿರಾಜ್ ಸಹಿ. ಇಪ್ಪತ್ತು ದಿನ ಹಿಂದಿನ ತಾರೀಕು.

"ಆ ಅಮ್ಮ ಬೇರೆ ಏನೋ ನಕಲು ಕೇಳೋಕೆ ಬಂದಿದ್ರು ಮೇಡಂ. ಇದು ಕಣ್ಣಿಗೆ ಬಿತ್ತು. ಒಂದು ಜೆರಾಕ್ಸ್ ಕೊಡಿ ಅಂದ್ರು. ಕೊಟ್ಟೆ. ಇಲ್ಲೇ ಕುರ್ಚಿ ಮೇಲೆ ಅರ್ಧ ಗಂಟೆ ಕೂತಿದ್ರು."

*

ಸಹಿ ಸಿಕ್ಕಿತು. ಆದರೆ ಸಹಿ ಹಾಕಿದವರೆಲ್ಲ ಕೊಲೆಗಾರರಲ್ಲ. ಗಿರಿರಾಜ್ ಬಸ್ಸಿನಲ್ಲಿದ್ದರೆ ಟ್ಯಾಂಕಿನ ಮೇಲೆ ಇರಲು ಸಾಧ್ಯವಿಲ್ಲ. ಮರುದಿನ ಬೆಳಗ್ಗೆ ವಚನಾ ಉಲ್ಲಾಳದ ಬಸ್ ಸ್ಟಾಪಿಗೆ ಹೋಗಿ ನಿಂತಳು. ಅವರ ಜೊತೆ ಬಂದವರು ಯಾರಾದರೂ ಸಿಗಬಹುದು.

ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಆಟೋಗಾಗಿ ಕಾಯುತ್ತಿದ್ದರು.

"ದೀಪಾಂಜಲಿ ನಗರದಿಂದ ಆರೂ ಇಪ್ಪತ್ತಕ್ಕೆ ಹೊರಡೋ ಬಸ್ಸು ಇಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತೆ?"

"ಅದೆಲ್ಲಿದೆ ಮೇಡಂ?" ಒಬ್ಬಾಕೆ ನಕ್ಕಳು. "ಸೋಮವಾರದಿಂದ ಆ ಟ್ರಿಪ್ಪೇ ತೆಗ್ದವ್ರೆ. ಅದಕ್ಕೇ ನಾವು ಆರು ಜನ ಒಂದು ಆಟೋದಲ್ಲಿ ತುರುಕ್ಕೊಂಡು ಹೋಗ್ತಾ ಇರೋದು."

"ಸಮಿತಿಗೆ ಹೇಳಲಿಲ್ವಾ?"

"ಚಿಕ್ಕಲಕ್ಷ್ಮಮ್ಮೋರಿಗೆ ಹೇಳಿದ್ವಿ. ಸಭೆ ಮುಗೀಲಿ, ಬಸ್ಸಿಂದೂ ನೋಡೋಣ ಅಂದಿದ್ರು."

ಕೊಲೆ ನಡೆದದ್ದು ಗುರುವಾರ.

*

ದೀಪಾಂಜಲಿ ನಗರದ ಮನೆಯಲ್ಲಿ ಗಿರಿರಾಜ್ ಪೇಪರ್ ಓದುತ್ತಿದ್ದರು.

"ಸಾರ್, ನೀವು ಬಸ್ಸಿಗಾಗಿ ಎಷ್ಟೋ ಸಲ ಧರಣಿ ಕೂತಿದೀರಿ. ಕೊನೇ ಸಲ ಬಸ್ ಹತ್ತಿದ್ದು ಯಾವಾಗ?"

ಅವರು ಕನ್ನಡಕ ತೆಗೆದರು.

"ಆರೂ ಇಪ್ಪತ್ತರ ಬಸ್ಸು ನಿಂತು ಹೋಗಿದೆ. ದಿನಾ ಓಡಾಡೋರಿಗೆಲ್ಲ ಗೊತ್ತು. ನಿಮಗೊಬ್ಬರಿಗೆ ಗೊತ್ತಿಲ್ಲ. ಟ್ಯಾಂಕಿನ ಮೇಲೆ ದಿನಾ ಬೆಳಗ್ಗೆ ಅವರೊಬ್ಬರೇ ಇರ್ತಾರೆ ಅಂತ ನಿಮಗೆ ಗೊತ್ತಿತ್ತು. ಒಪ್ಪಿಗೆ ಪತ್ರ ಅವರ ಕೈಲಿತ್ತು, ಹನ್ನೊಂದಕ್ಕೆ ಎಲ್ಲರ ಮುಂದೆ ಓದೋರಿದ್ರು. ಇನ್ನೊಂದು ಮಾತು ಸಾರ್. ವರ್ಷಗಟ್ಟಲೆ ಯಾವ ಸಭೆಗೆ ಜನ ಸೇರಿಸ್ತಿದ್ರೋ, ಅವತ್ತು ಅದೇ ಸಭೆ ಬಿಡಿಸಿ ಠಾಣೆ ಮುಂದೆ ಕೂರಿಸಿದ್ರಿ. ಚನ್ನಕೇಶವ ಓಡಿ ಹೋಗ್ತಾ ಇರಲಿಲ್ಲ. ಸಭೆ ಮಾತ್ರ ಕಾಯ್ತಾ ಇರಲಿಲ್ಲ."

ಗಿರಿರಾಜ್ ಪೇಪರ್ ಮಡಿಸಿಟ್ಟರು. ಆಮೇಲೆ ಎದ್ದು ಪುಸ್ತಕದ ಬೀರುವಿನ ಹಿಂದಿನಿಂದ ಬಟ್ಟೆ ಚೀಲ ತೆಗೆದು ಮೇಜಿನ ಮೇಲಿಟ್ಟರು. ಒಂದು ಹಿಡಿ ಹರಿದಿತ್ತು. ಒಳಗೆ ಒಪ್ಪಿಗೆ ಪತ್ರದ ಜೆರಾಕ್ಸ್, ಕಂಪನಿ ಬೇಡವೆಂದ ಜನರ ಸಹಿ, ಹೆಬ್ಬೆಟ್ಟುಗಳ ಕಟ್ಟು.

"ಸುಡೋಣ ಅಂದ್ಕೊಂಡೆ. ಕೈ ಬರಲಿಲ್ಲ."

"ಸಹಿ ಯಾಕೆ ಹಾಕಿದ್ರಿ?"

"ಹೇಗೂ ಸೋಲ್ತೀವಿ ಅಂತ ಗೊತ್ತಿತ್ತಮ್ಮ. ಸಲಹಾ ಸಮಿತಿಯಲ್ಲಿ ಒಂದು ಸ್ಥಾನ ಕೊಡ್ತೀವಿ ಅಂದ್ರು. ಹೊರಗೆ ಕೂಗಿ ಸಾಯೋದಕ್ಕಿಂತ ಒಳಗೆ ಕೂತು ಒಂದೆರಡು ಮಾತಾದ್ರೂ ಹೇಳ್ಬಹುದು ಅಂದ್ಕೊಂಡೆ." ಅವರು ಚೀಲದ ಹರಿದ ಹಿಡಿಯನ್ನು ನೋಡಿದರು. "ಅವಳು ರಾತ್ರಿ ಫೋನ್ ಮಾಡಿ ಕೇಳಿದ್ಲು. ಬೆಳಗ್ಗೆ ಸ್ಕೂಟರಲ್ಲಿ ಹೋದೆ. ಓದಬೇಡ ಅಂತ ಬೇಡ್ಕೊಂಡೆ. ಚೀಲ ಕಿತ್ಕೊಂಡೆ. ಬಿಡಲಿಲ್ಲ. ನಾನೂ ಬಿಡಲಿಲ್ಲ. ಹಿಡಿ ಕಿತ್ತು ಬಂತು."

ಅಮರೇಶ ಜೀಪಿನ ಬಾಗಿಲು ತೆರೆದ.

*

ವಚನಾ ಆ ಸಹಿಯ ಕಟ್ಟಿನ ಪ್ರತಿ ತೆಗೆಸಿಕೊಂಡು ನೀರಿನ ಕಚೇರಿಗೆ ತಾನೇ ಹೋದಳು. ಅಲ್ಲಿನ ಅಧಿಕಾರಿ ಕಾಫಿ ತರಿಸಿದರು.

"ಒಪ್ಪಿಗೆ ಕೊಟ್ಟಾಗ ಅವರು ಅಧ್ಯಕ್ಷರೇ ಅಲ್ವಾ ಮೇಡಂ? ಆಮೇಲೆ ಏನು ಮಾಡಿದ್ರು ಅನ್ನೋದು ನಿಮ್ಮ ಇಲಾಖೆ ವಿಷಯ. ಸಭೆಯಲ್ಲಿ ಆಕ್ಷೇಪ ಬರಲಿಲ್ಲ. ಕಡತ ಮೇಲೆ ಹೋಯ್ತು."

ವಾರದೊಳಗೆ ಸಮಿತಿಯ ಬಾಗಿಲಿಗೆ ಬೀಗ ಬಿತ್ತು. ಯಾರು ಯಾರನ್ನು ನಂಬುವುದು ಎಂದು ಜನ ಸುಮ್ಮನಾದರು. ಕಂಪನಿಯವರು ಮನೆಮನೆಗೆ ಬಂದು ಮೀಟರ್ ಕೂರಿಸುವ ಜಾಗಕ್ಕೆ ಬಣ್ಣದಲ್ಲಿ ಗುರುತು ಹಾಕಿ ಹೋದರು. ಒಬ್ಬರೂ ತಡೆಯಲಿಲ್ಲ.

ಹೇಳಿಕೆ ಕೊಡಲು ಅನು ಠಾಣೆಗೆ ಬಂದಳು. ಓದಿ ನೋಡಿದಳು. ಸಹಿ ಮಾಡುವ ಮುಂಚೆ ಪೆನ್ನು ಹಿಡಿದುಕೊಂಡೇ ಕೇಳಿದಳು.

"ಮೇಡಂ, ಚನ್ನಕೇಶವನೇ ಕೊಂದ ಅಂತ ಬರೆದಿದ್ರೆ ಏನಾಗ್ತಿತ್ತು?"

"ಅದು ಸುಳ್ಳಲ್ವೇನಮ್ಮ?"

"ಸುಳ್ಳೇ. ಆದ್ರೆ ಅವತ್ತು ನಾನೂರು ಜನ ನಮ್ಮಮ್ಮನ ಹೆಸರು ಕೂಗ್ತಾ ಇದ್ರು. ನಿಮ್ಮ ನಿಜ ಗೊತ್ತಾದ್ಮೇಲೆ ಮಣ್ಣಿಗೆ ಹದಿಮೂರು ಜನ ಬಂದ್ರು."

ವಚನಾ ಹೇಳಿಕೆಯ ಹಾಳೆಯನ್ನು ಅವಳ ಕಡೆ ಸರಿಸಿದಳು. ಎಲ್ಲಿ ಸಹಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದಳು.